ಹರಕೆಯಿಲ್ಲದ ಶರಬತ್ತು

ನಮ್ಮ ಭಾವ ಕರಾಮತ್ ಆಗಾ ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟುವುದೇ ಇಲ್ಲ. ಹಾಗೆ ನೋಡಿದರೆ ಶೀರಾಜಿನಲ್ಲಿ ಹುಟ್ಟಿದ ನಾವೆಲ್ಲರೂ ಮರ್ಯಾದೆಗೆಂದು ದಿನಕ್ಕೊಂದಿಷ್ಟು ಸುಳ್ಳು ಹೇಳುವವರೇ. ಟ್ಯಾಕ್ಸಿಯವನು ‘ದುಡ್ಡು ಯಾಕೆ ಸ್ವಾಮಿ, ಗಾಡಿ ನಿಮ್ಮದೇ’ ಎನ್ನುತ್ತಾನೆ. ನಾವು ‘ಛೆ ಛೆ’ ಎಂದು ಬಲವಂತದಿಂದ ಕೊಡುತ್ತೇವೆ. ಅವನು ಸಂಕೋಚದಿಂದ ತೆಗೆದುಕೊಂಡು, ಚಿಲ್ಲರೆ ವಾಪಸು ಕೊಡುವುದನ್ನು ಮಾತ್ರ ಮರೆಯುತ್ತಾನೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಈ ಆಟವನ್ನು ಎಲ್ಲಿ ನಿಲ್ಲಿಸಬೇಕೆಂದು ಊರಿಗೆಲ್ಲ ಗೊತ್ತು, ಭಾವನಿಗೆ ಗೊತ್ತಿಲ್ಲ. ಒಮ್ಮೆ ಯಜ್ದ್‌ನಿಂದ ಬಂದ ನೆಂಟರೊಬ್ಬರು ಮನೆಯ ಟೀ ಕಾಯಿಸುವ ಹಿತ್ತಾಳೆಯ ಸಮೋವರನ್ನು ನೋಡಿ ‘ಚೆನ್ನಾಗಿದೆ’ ಎಂದರು. ಭಾವ ‘ನಿಮ್ಮದೇ, ತೆಗೆದುಕೊಂಡು ಹೋಗಿ’ ಎಂದರು. ಅವರು ಬೇಡವೆಂದರು. ಇವರು ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಮತ್ತೆ ಬೇಡಿಕೊಂಡರು. ಕೊನೆಗೆ ಆ ಬಡಪಾಯಿ, ತೆಗೆದುಕೊಳ್ಳದಿದ್ದರೆ ಈ ಮನುಷ್ಯನಿಗೆ ಏನಾದರೂ ಆಗಿಬಿಡುತ್ತದೆಂದು ಹೆದರಿ, ಸಮೋವರ್ ಹೊತ್ತುಕೊಂಡು ಬಸ್ಸು ಹತ್ತಿದರು. ನಮ್ಮಕ್ಕ ನುಸ್ರತ್ ಇವತ್ತಿಗೂ ಯಜ್ದ್ ಎಂಬ ಊರಿನ ಹೆಸರೆತ್ತಿದರೆ ಸಿಡುಕುತ್ತಾಳೆ.

ಇಂಥ ಮನುಷ್ಯನ ತಲೆಯ ಮೇಲೆ ಆ ಬೇಸಿಗೆಯ ಗುರುವಾರ ಎರಡು ಭಾರ ಬಿದ್ದವು. ಸಂಜೆ ಮಗಳು ತರಾನೆಯನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಮತ್ತು ಆ ವಿಷಯ ಬೀದಿಯಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದಿತ್ತು.

ತರಾನೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ವಯಸ್ಸು ಮೂವತ್ತು ದಾಟಿದೆ, ಅದರ ಬಗ್ಗೆ ಅವಳಿಗೆ ಚಿಂತೆಯಿಲ್ಲ. ಚಿಂತೆಯಿರುವುದು ಪಕ್ಕದ ಮನೆಯ ಬತೂಲ್ ಖಾನಂಗೆ. ಹಿಂದಿನ ಸಲ ಗಂಡಿನ ಕಡೆಯವರು ಬಂದಾಗ ಬತೂಲ್ ಖಾನಂ ಮೆಟ್ಟಿಲ ಮೇಲೆಯೇ ಹುಡುಗನ ತಾಯಿಯನ್ನು ತಡೆದು, ‘ಚಿನ್ನದಂಥ ಹುಡುಗಿ, ಪಾಪ, ಯಾರಿಗೂ ಬೇಡವಾಗಿದ್ದಾಳೆ’ ಎಂದು ಶಿಫಾರಸು ಮಾಡಿದ್ದರು. ಆ ತಾಯಿ ಟೀ ಕುಡಿಯುವವರೆಗೂ ಕೂರಲಿಲ್ಲ. ಆದ್ದರಿಂದ ಈ ಸಲ ತರಾನೆ ಅಪ್ಪನನ್ನು ಎದುರು ಕೂರಿಸಿಕೊಂಡು ಪಾಠ ಹೇಳುವಂತೆ ಹೇಳಿದ್ದಳು.

“ಅಪ್ಪಾ, ಸರಿಯಾಗಿ ಕೇಳಿಸ್ಕೊಳ್ಳಿ. ಬೀದಿಯವರ ಬಾಯಿಗೆ ನನ್ನ ಹೆಸರು ಬಿತ್ತೋ, ನಾನು ಕೋಣೆ ಬಾಗಿಲು ಹಾಕ್ಕೊಂಡು ಕೂತುಬಿಡ್ತೀನಿ. ಬಂದವರಿಗೆ ನೀವೇ ಟೀ ಕೊಡಿ, ನೀವೇ ಮದುವೇನೂ ಆಗಿ. ಇನ್ಮೇಲೆ ಈ ಮನೇಲಿ ಆ ಮಾತೇ ಬೇಡ.”

ಅವಳು ಹೇಳಿದರೆ ಹೇಳಿದ್ದೇ. ಭಾವ ಅಂದಿನಿಂದ ಬೀದಿಯಲ್ಲಿ ತಲೆಯೆತ್ತಿ ನಡೆಯುವುದನ್ನೇ ಬಿಟ್ಟರು. ಯಾರಾದರೂ ‘ಹೇಗಿದ್ದೀರಿ’ ಎಂದರೂ ಗುಟ್ಟು ಬಿಟ್ಟುಬಿಡುತ್ತೇನೇನೋ ಎಂಬ ಭಯ.

ಗಂಡು ಇಸ್ಫಹಾನಿನವನು, ಫರ್ಷಾದ್ ಎಂದು ಹೆಸರು, ಅಣೆಕಟ್ಟೆಗಳ ನಕ್ಷೆ ಬರೆಯುವ ಕೆಲಸ. ಫೋಟೋದಲ್ಲಿ ತಲೆತುಂಬ ಕೂದಲು. ತಾಯಿ ಅಕ್ದಸ್ ಖಾನಂ ನಿವೃತ್ತ ಮುಖ್ಯೋಪಾಧ್ಯಾಯಿನಿ. ಫೋನಿನಲ್ಲಿ ಅವರ ದನಿ ಕೇಳಿದಾಗಲೇ ಭಾವ ಕೂತಲ್ಲಿಂದ ಎದ್ದು ನಿಂತಿದ್ದರು.

“ಬಿಸಿಲಲ್ಲಿ ಬರೋರಿಗೆ ಮೊದಲು ತಣ್ಣಗೆ ಏನಾದ್ರೂ ಕೊಡಬೇಕು. ಅಂಗಡಿಯಿಂದ ಒಂದು ಬಾಟ್ಲಿ ಶರಬತ್ತು ತಂದ್ಬಿಡಿ ರೀ” ಎಂದಳು ಅಕ್ಕ. ಭಾವನಿಗೆ ಅವಮಾನವಾಯಿತು.

“ಅಂಗಡಿ ಶರಬತ್ತಾ? ನಮ್ಮ ಮನೇಲಾ? ನಮ್ಮ ತಾತ ಮೈಮಂದ್‌ನಲ್ಲಿ ಹೂವಿನ ನೀರು ಇಳಿಸ್ತಿದ್ದೋರು ಕಣೇ. ನಾನು ಮಾಡ್ತೀನಿ ನೋಡು, ನಿಂಬೆ ಶರಬತ್ತು, ಹೆರಳೆ ಹೂವಿನ ನೀರು ಹಾಕಿ. ಕುಡಿದೋರು ಲೋಟ ಕೆಳಗಿಡಬಾರದು.”

ನನಗೆ ತಿಳಿದಮಟ್ಟಿಗೆ ಅವರ ತಾತ ಹೂವಿನ ಮೂಟೆ ಹೊರುವ ಕತ್ತೆಯನ್ನು ಹೊಡೆಯುತ್ತಿದ್ದವರು. ಆದರೂ ಆ ಕಸುಬಿನ ಮನೆಯವರೆಗೂ ದಿನಾ ಹೋಗಿ ಬರುತ್ತಿದ್ದರು ಎಂಬುದು ನಿಜ.

ಮಧ್ಯಾಹ್ನ ನನ್ನನ್ನು ನಿಂಬೆ ಹಿಂಡಲು ಕೂರಿಸಿದರು. ಸಕ್ಕರೆ ಪಾಕ ಕಾಯಿತು, ಕಾಮಕಸ್ತೂರಿ ಬೀಜ ನೆನೆಯಿತು. ಅಂಗಳದ ಹೆರಳೆ ಮರದ ಹೂವನ್ನು ವಸಂತದಲ್ಲಿ ಆರಿಸಿ ಅಕ್ಕ ತಾನೇ ಇಳಿಸಿಟ್ಟಿದ್ದ ನೀರಿನ ಬಾಟ್ಲಿ ಕಪಾಟಿನಿಂದ ಹೊರಬಂತು. ಬೀಗದ ಕೈ ಕೊಡುವಾಗ ಅಕ್ಕ, “ನಾಲ್ಕು ಹನಿ. ಅದರ ಮೇಲೆ ಒಂದು ಹನಿ ಬಿದ್ರೆ ನೀವುಂಟು ನಾನುಂಟು” ಎಂದಿದ್ದಳು.

ಮೊದಲು ಒಂದು ಹೂಜಿಯಷ್ಟು ಮಾಡಿದ್ದು. ಭಾವ ರುಚಿ ನೋಡಿ ಹುಳಿ ಎಂದರು. ಪಾಕ ಸುರಿದರು. ನಾನು ಸಿಹಿ ಎಂದೆ. ನೀರು ಸುರಿದರು. ಸಪ್ಪೆಯಾಯಿತು. ಮತ್ತೆ ನಿಂಬೆ. ಹೂವಿನ ಘಮ ಎಲ್ಲಿ ಹೋಯಿತೆಂದು ಬಾಟ್ಲಿ ಬಗ್ಗಿಸಿದರು, ಕೈ ತಪ್ಪಿತು, ಗಳಗಳ ಎಂದಿತು. ಈಗ ಶರಬತ್ತು ಕುಡಿದರೆ ಸೋಪು ತಿಂದಂತೆ. ಅದನ್ನು ಸರಿಪಡಿಸಲು ನೀರು, ನೀರನ್ನು ಸರಿಪಡಿಸಲು ನಿಂಬೆ. ಹೂಜಿಯಿಂದ ಪಾತ್ರೆಗೆ, ಪಾತ್ರೆಯಿಂದ ಬಕೀಟಿಗೆ ಶರಬತ್ತು ಮನೆ ಬದಲಾಯಿಸುತ್ತ ಹೋಯಿತು. ನನ್ನ ಉಗುರಿನ ಸಂದೆಲ್ಲ ನಿಂಬೆಯ ಹುಳಿಗೆ ಉರಿಯುತ್ತಿತ್ತು. ಕೊನೆಗೊಂದು ಗುಟುಕಿಗೆ ಭಾವ ಕಣ್ಣು ಮುಚ್ಚಿ, “ಆಹಾ, ಬಂತು” ಎಂದರು. ನಾನೂ ಕುಡಿದೆ. ಅವರ ಮೇಲಿನ ಸಿಟ್ಟನ್ನೆಲ್ಲ ಪಕ್ಕಕ್ಕಿಟ್ಟು ಹೇಳುತ್ತೇನೆ, ಅಂಥ ಶರಬತ್ತನ್ನು ನಾನು ಕುಡಿದಿರಲಿಲ್ಲ. ಆದರೆ ಅದು ಆಗ ಒಂದು ಮದುವೆಮನೆಗೆ ಆಗುವಷ್ಟಿತ್ತು, ಹಾಕಿಡಲು ಮನೆಯಲ್ಲಿ ಪಾತ್ರೆಯಿರಲಿಲ್ಲ.

“ಯದೊಲ್ಲಾ, ಮಶ್ದಿ ರಜಬ್ ಹತ್ರ ಓಡು. ದೊಡ್ಡದೇನಾದ್ರೂ ಕೇಳು. ಯಾಕೆ ಅಂತ ಮಾತ್ರ ಹೇಳ್ಬೇಡ” ಎಂದು ಭಾವ ನನ್ನನ್ನು ಅಟ್ಟಿದರು.

ಮಶ್ದಿ ರಜಬ್ ಬೀದಿಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಪಕ್ಕದಲ್ಲಿ ಶೋಕಸಭೆಗಳು ನಡೆಯುವ ಹುಸೇನಿಯಾ ಮಂದಿರದ ಉಸ್ತುವಾರಿಯೂ ಅವರದೇ. ಶೋಕದ ತಿಂಗಳಲ್ಲಿ ಬೀದಿಗೆಲ್ಲ ಅನ್ನ ಬೇಯುವ ಕೊಪ್ಪರಿಗೆ ಅವರ ವಶದಲ್ಲಿರುತ್ತದೆ. ದೊಡ್ಡ ಪಾತ್ರೆ ಬೇಕೆಂದು ನಾನು ಹೇಳಿ ಮುಗಿಸುವ ಮೊದಲೇ ಅವರು ಕೊಪ್ಪರಿಗೆ ಹೊರಗೆಳೆದರು, ಅದರೊಳಗೆ ಉದ್ದ ಹಿಡಿಯ ಸೌಟು, ಒಂದು ಗೋಣಿ ಸ್ಟೀಲ್ ಲೋಟ, ಮೇಲೊಂದು ದಪ್ಪ ಮಂಜುಗಡ್ಡೆ ಇಟ್ಟು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಯಾಕೆಂದು ಕೇಳಲೇ ಇಲ್ಲ. ನಾನು ಗುಟ್ಟು ಉಳಿಯಿತೆಂದು ಹಿಗ್ಗಿದೆ.

ಕೊಪ್ಪರಿಗೆ ಅಡುಗೆಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಅಂಗಳದಲ್ಲಿ ಅಕ್ಕ ಜಮಖಾನ ತೊಳೆದು ಹರವಿದ್ದಳು. ಗಾಳಿ ಇದ್ದದ್ದು ಬೀದಿಬಾಗಿಲ ನೆರಳಿನಲ್ಲಿ ಮಾತ್ರ. ಅಲ್ಲಿ ಸ್ಟೂಲಿನ ಮೇಲೆ ಕೊಪ್ಪರಿಗೆ ಇಟ್ಟು, ಶರಬತ್ತು ಸುರಿದು, ಮಂಜುಗಡ್ಡೆ ತೇಲಿಬಿಟ್ಟು, ಲೋಟಗಳನ್ನು ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆವು. ಭಾವ ಹಿಂದೆ ಸರಿದು ನೋಡಿ ತೃಪ್ತಿಪಟ್ಟರು.

ಗುರುವಾರದ ಮಧ್ಯಾಹ್ನ, ಬೀದಿಗೆ ದಾನ ಹಂಚುವ ದಿನ. ತೆರೆದ ಬೀದಿಬಾಗಿಲು. ಹೊಟ್ಟೆಯ ಮೇಲೆ ಹಸಿರು ಬಣ್ಣದಲ್ಲಿ ಹುಸೇನಿಯಾದ ಹೆಸರು ಬರೆದ ಕೊಪ್ಪರಿಗೆ, ಸೌಟು, ಸಾಲು ಲೋಟ. ನಮ್ಮ ದೇಶದಲ್ಲಿ ಇದನ್ನು ನೋಡಿ ಬೇರೇನಾದರೂ ಅಂದುಕೊಳ್ಳುವ ಮನುಷ್ಯ ಇನ್ನೂ ಹುಟ್ಟಿಲ್ಲ. ಅದು ನಮ್ಮಿಬ್ಬರಿಗೆ ಮಾತ್ರ ಹೊಳೆಯಲಿಲ್ಲ.

ಬತೂಲ್ ಖಾನಂ ರೊಟ್ಟಿ ಹಿಡಿದು ಬರುತ್ತಿದ್ದವರು ನಿಂತರು.

“ಏನು ಕರಾಮತ್ ಆಗಾ, ಯಾರಿಗೆ ಇಷ್ಟೊಂದು ಶರಬತ್ತು?”

ಭಾವನ ಮುಖದ ರಕ್ತ ಇಳಿಯಿತು. ನೆಂಟರಿಗೆ ಎಂದರೆ ಯಾವ ನೆಂಟರು ಎನ್ನುತ್ತಾರೆ. ನಮಗೇ ಎಂದರೆ ಕೊಪ್ಪರಿಗೆ ನಂಬುವುದಿಲ್ಲ. “ಅದು... ಹೀಗೇ... ಯಾರಿಗೂ ಅಲ್ಲ... ಅಂದ್ರೆ...” ಎಂದು ತೊದಲಿದರು.

“ಅಯ್ಯೋ, ಹರಕೆ ಅಂತ ಹೇಳೋಕೆ ನಾಚಿಕೆ ಯಾಕ್ರೀ!” ಎಂದರು ಬತೂಲ್ ಖಾನಂ.

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. “ಹೌದೌದು, ಹರಕೆ!” ಎಂದರು ಭಾವ, ಅಗತ್ಯಕ್ಕಿಂತ ಜೋರಾಗಿ.

ಹರಕೆಯ ಶರಬತ್ತನ್ನು ಕೇಳಿದವರಿಗೆ ಕೊಡಲೇಬೇಕು. ಬತೂಲ್ ಖಾನಂ ಅಲ್ಲಿಯೇ ಒಂದು ಲೋಟ ಕುಡಿದರು, ಕಣ್ಣರಳಿಸಿದರು, “ನಿಮ್ಮ ಹರಕೆ ಸಲ್ಲಲಿ” ಎಂದರು, ಮನೆಗೆ ಹೋಗಿ ಹೂಜಿ ತಂದರು. ಆಮೇಲೆ ಅವರು ಏನು ಮಾಡಿದರೆಂದು ನಾನು ನೋಡಲಿಲ್ಲ. ಆದರೆ ಸಮೋವರಿನಲ್ಲಿ ನೀರು ಕುದಿಯುವಷ್ಟು ಹೊತ್ತಿನಲ್ಲಿ ನಮ್ಮ ಬಾಗಿಲಿನಿಂದ ರಜಬ್ ಅಂಗಡಿಯವರೆಗೆ ಸಾಲು ನಿಂತಿತ್ತು. ಬೈಕಿನವರು, ಚಪ್ಪಲಿ ಹೊಲಿಯುವವರು, ಹಮಾಮಿನಿಂದ ಒದ್ದೆ ತಲೆಯಲ್ಲಿ ಬಂದವರು, ಪಕ್ಕದ ಬೀದಿಯಲ್ಲಿ ಸತ್ತವರ ಮನೆಗೆ ಹೊರಟಿದ್ದವರು, ಎಲ್ಲರೂ.

“ಏನಪ್ಪಾ ಮಾಡೋದು ಈಗ?” ಭಾವ ಸೌಟು ಹಿಡಿದುಕೊಂಡೇ ನನ್ನ ಕಿವಿಯಲ್ಲಿ ಕೇಳಿದರು. “ಅವರು ಸಂಜೆಗೆ ಬರ್ತಾರೆ. ಇವರೆಲ್ಲ ಇಲ್ಲೇ ನಿಂತಿದ್ರೆ ಯಾರು ಬಂದ್ರು ಅಂತ ನೋಡಲ್ವಾ?”

“ಮುಗೀತು ಅಂತ ಹೇಳಿ ಭಾವ. ಬಾಗಿಲು ಹಾಕೋಣ.”

“ಹೇಳ್ತೀನಿ” ಎಂದು ಧೈರ್ಯ ತಂದುಕೊಂಡು ಮುಂದಿದ್ದ ಮುದುಕನ ಕಡೆ ತಿರುಗಿದರು. ಆತ ಲೋಟ ನೀಡಿದ. “ಬನ್ನಿ ಬನ್ನಿ, ನಿಮ್ಮದೇ, ಇನ್ನೊಂದು ಹಾಕ್ಲಾ?” ಎಂದರು ಭಾವ.

ಅಷ್ಟರಲ್ಲಿ ಮಶ್ದಿ ರಜಬ್ ಹೆಗಲ ಮೇಲೆ ಸಕ್ಕರೆ ಚೀಲ ಹೊತ್ತು ಬಂದರು. ಬೇರೆಯವರ ಹರಕೆಗೆ ಒಂದು ಹಿಡಿ ಸೇರಿಸಿದರೂ ಪುಣ್ಯದಲ್ಲಿ ಪಾಲುಂಟು ಎಂಬುದು ನಮ್ಮ ಕಡೆಯ ನಂಬಿಕೆ. ಅವರು ಕೇಳದೆಯೇ ಸುರಿದರು. ಇನ್ನೊಬ್ಬರು ನೀರಿನ ಕ್ಯಾನು ತಂದರು. ಯಾರೋ ಗುಲಾಬಿ ನೀರು, ಯಾರೋ ಪುದೀನ. ಭಾವ ಪ್ರತಿಯೊಂದಕ್ಕೂ “ಅಯ್ಯೋ ಯಾಕೆ ತೊಂದರೆ, ದೊಡ್ಡ ಉಪಕಾರ” ಎನ್ನುತ್ತ, ತಮ್ಮ ಶರಬತ್ತು ಕಣ್ಣೆದುರೇ ಕೆಡುವುದನ್ನು ನೋಡುತ್ತ ನಿಂತಿದ್ದರು.

ಸಾಲು ಬೀದಿ ಮುಚ್ಚಿತೆಂದು ಯಾರು ದೂರಿದರೋ, ಪುರಸಭೆಯ ತಪಾಸಣೆಯವರೊಬ್ಬರು ಬಂದರು. ಬಗಲಲ್ಲಿ ದಂಡದ ಚೀಟಿ ಪುಸ್ತಕ.

“ಇದು ವ್ಯಾಪಾರವೋ ಹರಕೆಯೋ?”

“ಅಂದ್ರೆ... ಎರಡರಲ್ಲಿ ಯಾವುದಾದ್ರೆ ಒಳ್ಳೇದು ಸಾರ್?” ಎಂದರು ಭಾವ.

“ವ್ಯಾಪಾರ ಆದ್ರೆ ದಂಡ, ಕೊಪ್ಪರಿಗೆ ಜಪ್ತಿ. ಹರಕೆ ಆದ್ರೆ ನನಗೂ ಒಂದು ಲೋಟ.”

ಭಾವ ಅಂಚಿನವರೆಗೆ ಲೋಟ ತುಂಬಿದರು. ತಪಾಸಣೆಯವರು ಕುಡಿದು, ಮೀಸೆ ಒರೆಸಿಕೊಂಡು, ಸಾಲು ನೇರ ಮಾಡಿಸಲು ತಾವೇ ನಿಂತುಬಿಟ್ಟರು. ಹರಕೆಯಲ್ಲವೆಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿಹೋಯಿತು.

ಹರಕೆಯೇನೋ ಸರಿ, ಯಾತಕ್ಕೆ? ಸಾಲಿನಲ್ಲಿ ನಿಂತವರಿಗೆ ಅದು ತಿಳಿಯದೆ ಗಂಟಲಿಳಿಯುವುದಿಲ್ಲ. ಒಬ್ಬರು ಕೇಳಿದಾಗ ಭಾವ ದಿಕ್ಕು ತೋಚದೆ “ಆರೋಗ್ಯಕ್ಕೆ” ಎಂದರು. ಯಾರ ಆರೋಗ್ಯ? “ಮನೆಯವಳದ್ದು” ಎಂದುಬಿಟ್ಟರು. ಆ ಮಾತು ಸಾಲಿನ ತುದಿ ತಲುಪುವಾಗ ನಮ್ಮಕ್ಕನ ಒಂದು ಮೂತ್ರಪಿಂಡ ತೆಗೆದಾಗಿತ್ತು, ತಿರುಗಿ ಬರುವಾಗ ಎರಡೂ ಇರಲಿಲ್ಲ. ಹೆಂಗಸರು ರೋಗಿಗೆಂದು ಬಿಸಿ ಆಶ್ ಗಂಜಿ ತುಂಬಿದ ಬಟ್ಟಲು ಹಿಡಿದು, ಚಾದರದ ತುದಿಯಲ್ಲಿ ಕಣ್ಣೊತ್ತಿಕೊಂಡು ಒಳಗೆ ನುಗ್ಗಿದರು. ನಮ್ಮಕ್ಕ ಅಂಗಳದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಜಮಖಾನ ಬಡಿಯುತ್ತಿದ್ದಳು.

“ಎದ್ದು ಓಡಾಡ್ತಿದ್ದಾಳೆ! ಇದು ಹರಕೆ ಫಲವೇ!” ಎಂದು ಒಬ್ಬಾಕೆ ಅಳತೊಡಗಿದಳು.

ಅಕ್ಕ ಹೇಗೋ ಅವರನ್ನು ಸಾಗಹಾಕಿ, ಭಾವನ ತೋಳು ಹಿಡಿದು ಬಾಗಿಲ ಹಿಂದಕ್ಕೆ ಎಳೆದಳು. ದನಿ ಏರಿಸಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು.

“ರೀ, ಹೋಗಿ ಇದು ಹರಕೆ ಅಲ್ಲ ಅಂತ ಹೇಳಿ. ಈಗಲೇ. ಮಗಳು ಮೇಲೆ ಕೂತು ತಲೆ ಬಾಚ್ಕೊಳ್ತಿದ್ದಾಳೆ. ಅವಳು ಬಾಗಿಲು ಹಾಕ್ಕೊಂಡ್ರೆ ಮತ್ತೆ ತೆಗಿಯಲ್ಲ. ಗೊತ್ತು ತಾನೆ?”

ಗೊತ್ತಿತ್ತು. ಭಾವ ಹೊರಗೆ ಹೋದರು, ಗಂಟಲು ಸರಿಮಾಡಿಕೊಂಡರು, ಸಾಲು ಗೌರವದಿಂದ ನಿಶ್ಶಬ್ದವಾಯಿತು. ತಪಾಸಣೆಯವರು ಚೀಟಿ ಪುಸ್ತಕ ಒಂದು ಬಗಲಿನಿಂದ ಇನ್ನೊಂದು ಬಗಲಿಗೆ ಬದಲಾಯಿಸಿದರು. “ಎಲ್ಲರಿಗೂ ಸಿಗುತ್ತೆ, ನೂಕಬೇಡಿ” ಎಂದು ಹೇಳಿ ಭಾವ ಸೌಟು ಎತ್ತಿಕೊಂಡರು.

ಆಗ ಬತೂಲ್ ಖಾನಂ ದನಿ ಕೇಳಿಸಿತು. ಅವರು ಕಟ್ಟೆಯ ಮೇಲೆ ಕೂತು ಹೊಸಬರಿಗೆ ವಿವರಿಸುತ್ತಿದ್ದರು.

“ನುಸ್ರತ್‌ಗೆ ಏನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದಾಳೆ. ಹರಕೆ ಮಗಳದ್ದು ಕಣ್ರೀ. ಆ ಹುಡುಗಿಗೆ ಯೋಗ ಕೂಡಿ ಬರಲಿ ಅಂತ. ಅಪ್ಪ ಅನ್ನಿಸ್ಕೊಂಡೋನು ಬಾಯಿಬಿಟ್ಟು ಹೇಳೋಕಾಗುತ್ತಾ? ಲೋಟ ಎತ್ತುವಾಗ ಎಲ್ಲರೂ ಅವಳಿಗೊಂದು ಗಂಡು ಸಿಗಲಿ ಅಂತ ಕೇಳ್ಕೊಳ್ಳಿ.”

ಸಾಲು ‘ಆಮೀನ್’ ಎಂದಿತು. ಭಾವ ಮೇಲಿನ ಕಿಟಕಿಯತ್ತ ನೋಡಿದರು. ಪರದೆ ಅಲುಗಾಡಲಿಲ್ಲ. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನನಗೆ ನಗು ಬರಲಿಲ್ಲ.

ಭಯ ಹೆಚ್ಚಾದಾಗ ಕೆಲವರು ಕುಸಿಯುತ್ತಾರೆ, ಕೆಲವರು ಸಿಡಿಯುತ್ತಾರೆ. ಭಾವನಿಗೆ ಸಿಡಿಯಲು ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯ ಸಾಲಿನಲ್ಲಿಯೇ ಇದ್ದ. ಸುಡುವ ಬಿಸಿಲಿನಲ್ಲಿ ಕಂದು ಉಣ್ಣೆಯ ಸೂಟು ತೊಟ್ಟು, ಬೋಳುತಲೆಯಿಂದ ಬೆವರು ಇಳಿಸುತ್ತ, ಒಮ್ಮೆ ಬಾಗಿಲವರೆಗೆ ಬಂದು ಕುಡಿದ. ತೆರೆದ ಬಾಗಿಲೊಳಗೆ ಇಣುಕಿದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಸಾಲಿನ ಕೊನೆಗೆ ಹೋದ. ಮತ್ತೆ ಬಂದ. ಮತ್ತೆ ಕುಡಿದ, ಇಣುಕಿದ, ಹೋದ. ಮೂರನೇ ಸಲ ಬಂದು ಲೋಟ ನೀಡಿದಾಗ ಕೊಪ್ಪರಿಗೆಯ ತಳ ಕಾಣುತ್ತಿತ್ತು.

“ಇಲ್ಲ!” ಎಂದರು ಭಾವ.

ಮಶ್ದಿ ರಜಬ್ ಅಂಗಡಿಯಿಂದ ಹೊರಗೆ ಬಂದರು. ನನಗೆ ನನ್ನ ಕಿವಿಯ ಮೇಲೆಯೇ ಅನುಮಾನ.

“ಇಲ್ಲ, ಕೊಡಲ್ಲ! ಹೊಟ್ಟೆಯೋ ಹಗೇವೋ ಅದು? ಸೂಟು ಬೂಟು ಹಾಕ್ಕೊಂಡು ಬಿಟ್ಟಿ ಶರಬತ್ತಿಗೆ ಎಷ್ಟು ಸಲ ಬರ್ತೀರಿ? ನಿಮ್ಮಂಥ ಮಗನ್ನ ಹೆತ್ತೋರು ಯಾರ್ರೀ?”

ಆತ ಲೋಟವನ್ನು ಎದೆಗೊತ್ತಿಕೊಂಡು ನಿಂತ. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಭಾವ ‘ಇಲ್ಲ’ ಎಂದ ಸದ್ದಿಗೆ ಅಕ್ಕ ಅಂಗಳದಿಂದ ಓಡಿಬಂದಳು, ಮಾಳಿಗೆಯಿಂದ ತರಾನೆ ಇಳಿದುಬಂದಳು. ನೀಲಿ ಉಡುಪು, ಹೊಸ ತಲೆವಸ್ತ್ರ.

“ಅಪ್ಪಾ, ನೀವಾ ಕೂಗಿದ್ದು?”

“ಒಳಗೆ ಹೋಗಮ್ಮ. ನಿನ್ನ ದಮ್ಮಯ್ಯ, ಒಳಗೆ ಹೋಗು.”

“ಪಾಪ, ಇವರಿಗೆ ಬಿಸಿಲು ಹೊಡೆದಿದೆ ಅಪ್ಪಾ. ಮುಖ ನೋಡಿ. ಇಲ್ಲಿ ಕೂತ್ಕೊಳ್ಳಿ ಸ್ವಾಮಿ.” ಅವಳು ಆತನನ್ನು ಬಾಗಿಲೊಳಗಿನ ನೆರಳಿಗೆ ಕೂರಿಸಿ, ತಳದಲ್ಲಿದ್ದ ಕೊನೆಯ ಸೌಟು ಶರಬತ್ತನ್ನು ಕೊಟ್ಟಳು. ಆತ ಅದನ್ನು ಕುಡಿದ ಮೇಲೆ, ಉಪಕಾರ ಹೇಳಲು ಬಾಯಿ ಬಾರದೆ, ಸೂಟಿನ ಕೋಟು ಬಿಚ್ಚಿ ತೋಳು ಮಡಿಸಿಕೊಂಡು ಬಕೀಟಿನಲ್ಲಿದ್ದ ಎಂಜಲು ಲೋಟಗಳನ್ನು ತೊಳೆಯತೊಡಗಿದ. ತರಾನೆ ಒರೆಸಿ ಜೋಡಿಸಿದಳು. ನಾನು ಪಕ್ಕದಲ್ಲಿಯೇ ಉಳಿದ ಮಂಜುಗಡ್ಡೆ ಒಡೆಯುತ್ತಿದ್ದೆ.

“ಈ ಸೆಕೆಯಲ್ಲಿ ಉಣ್ಣೆ ಸೂಟು ಯಾಕೆ ಹಾಕಿದ್ರಿ?” ಎಂದಳು ತರಾನೆ.

“ಅಮ್ಮ ಹೇಳಿದ್ರು. ಹೆಣ್ಣು ನೋಡಕ್ಕೆ ಹೋಗ್ಬೇಕಿತ್ತು. ಇದೇ ಬೀದಿ. ನಾನು ಒಬ್ಬನೇ ಮುಂಚೆ ಬಂದೆ, ಧೈರ್ಯ ತಂದ್ಕೊಳ್ಳೋಣ ಅಂತ. ಹೂವು, ಸಿಹಿ ಎಲ್ಲ ಕಾರಲ್ಲೇ ಇದೆ. ಬಾಗಿಲ ಹತ್ರ ಬಂದ್ರೆ ಕಾಲು ಹಿಂದಕ್ಕೆ ತಿರುಗುತ್ತೆ. ಸಾಲಲ್ಲಿ ನಿಂತ್ರೆ ಸಾಲೇ ತಳ್ಕೊಂಡು ಹೋಗುತ್ತಲ್ಲ ಅಂತ ನಿಂತೆ.”

ನನ್ನ ಕೈಯಲ್ಲಿದ್ದ ಸುತ್ತಿಗೆ ನಿಂತಿತು. ತರಾನೆಯ ಕೈಯಲ್ಲಿದ್ದ ಲೋಟವೂ ನಿಂತಿತು. ಅವಳು ಮುಖ ಎತ್ತಲಿಲ್ಲ.

“ಹುಡುಗಿ ಹೇಗಂತೆ?”

“ಗಣಿತದ ಮೇಡಂ ಅಂತೆ. ನನಗೆ ಚಿಕ್ಕಂದಿನಿಂದ ಗಣಿತದ ಮೇಡಂ ಅಂದ್ರೆ ಭಯ.”

“ನಕ್ಷೆ ಬರೆಯೋರಿಗೆ ಗಣಿತದ ಭಯವೇ?”

“ಗಣಿತ ಅಲ್ಲ, ಮೇಡಂ” ಎಂದ ಆತ. ಆಮೇಲೆ ನಕ್ಷೆಯ ವಿಷಯ ಈಕೆಗೆ ಹೇಗೆ ಗೊತ್ತಾಯಿತೆಂದು ಹೊಳೆದು ತಲೆಯೆತ್ತಿದ. ಆಗಲೂ ತರಾನೆ ಲೋಟವನ್ನೇ ಒರೆಸುತ್ತಿದ್ದಳು. “ಇದರ ತಳದಲ್ಲಿ ಬೀಜ ಅಂಟಿದೆ. ಮತ್ತೆ ತೊಳೀರಿ” ಎಂದು ವಾಪಸು ಕೊಟ್ಟಳು.

ನಾನು ಭಾವನಿಗೆ ಹೇಳಲು ಓಡಿದೆ. ತಡವಾಗಿತ್ತು. ಬೀದಿಯ ತುದಿಯಲ್ಲಿ ಕಾರಿನಿಂದ ಇಳಿದ ಹೆಂಗಸೊಬ್ಬರು ಸಾಲಿನ ಪಕ್ಕದಲ್ಲಿ ನೇರವಾಗಿ ನಡೆದು ಬರುತ್ತಿದ್ದರು. ಕಪ್ಪು ಚಾದರ, ನೆಟ್ಟಗಿನ ಬೆನ್ನು. ಅವರು ಹತ್ತಿರ ಬಂದಂತೆ ಜನ ತಾವಾಗಿಯೇ ಬಾಯಿ ಮುಚ್ಚಿದರು, ತಪಾಸಣೆಯವರು ಅಂಗಿಯ ಗುಂಡಿ ಹಾಕಿಕೊಂಡರು. ಮುಚ್ಚದೇ ಇದ್ದದ್ದು ಬತೂಲ್ ಖಾನಂ ಬಾಯಿ ಒಂದೇ.

“ಬನ್ನಿ ಅಕ್ಕಾ, ಶರಬತ್ತು ಮುಗೀತು, ನನ್ನ ಹೂಜಿಯಿಂದ ಕೊಡ್ತೀನಿ. ಈ ಮನೆ ಹುಡುಗಿಗೆ ಮದುವೆ ಆಗ್ತಾ ಇಲ್ಲ, ಅದಕ್ಕೆ ಅಪ್ಪ ಹರಕೆ ಹೊತ್ತಿದ್ದಾನೆ. ನೀವೂ ಒಂದು ಮಾತು ಕೇಳ್ಕೊಳ್ಳಿ, ಯಾರಾದ್ರೂ ಕರ್ಕೊಂಡು ಹೋಗ್ಲಿ ಅಂತ.”

ಬಾಗಿಲೊಳಗೆ ತರಾನೆಗೆ ಅದು ಕೇಳಿಸಿತು. ಅವಳ ಮುಖ ಗೋಡೆಯ ಸುಣ್ಣದಂತಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಭಾವ ಅವಳನ್ನೇ ನೋಡುತ್ತಿದ್ದರು.

ಅಕ್ದಸ್ ಖಾನಂ ಲೋಟ ಮುಟ್ಟಲಿಲ್ಲ. “ಕರಾಮತ್ ಆಗಾ ಅಂದ್ರೆ ಯಾರು?” ಎಂದರು. ಭಾವ ಸೌಟು ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದರು. “ಇವರು ಹೇಳಿದ್ದು ನಿಜವೇನು? ಇದು ನಿಮ್ಮ ಮಗಳ ಹರಕೆಯೇ?”

ಹೌದೆಂದರೆ ಬೀದಿ ಮೆಚ್ಚುತ್ತದೆ, ತಪಾಸಣೆಯವರು ಸುಮ್ಮನಾಗುತ್ತಾರೆ, ಕುಡಿದವರ ಪುಣ್ಯ ಉಳಿಯುತ್ತದೆ. ಎಲ್ಲರಿಗೂ ಹಿತವಾಗುವ ಉತ್ತರ ಅದೇ, ಮತ್ತು ಜೀವಮಾನವಿಡೀ ಭಾವ ಎಲ್ಲರಿಗೂ ಹಿತವಾಗುವುದನ್ನೇ ಹೇಳಿದವರು. ನಾನು ಕಣ್ಣು ಮುಚ್ಚಿಕೊಂಡೆ.

“ಇಲ್ಲ ಖಾನಂ” ಎಂದರು ಭಾವ. ಈ ಸಲ ಕೂಗಲಿಲ್ಲ. “ಹರಕೆ ಇಲ್ಲ, ಏನೂ ಇಲ್ಲ. ನನ್ನ ಮಗಳಿಗೆ ಹರಕೆ ಹೊರೋ ಗತಿ ಬಂದಿಲ್ಲ. ಅವಳು ಸಾಯೋವರೆಗೂ ನಮ್ಮನೇಲೇ ಇದ್ರೂ ನನಗೆ ಸಂತೋಷವೇ. ಈ ಶರಬತ್ತು ನಿಮಗೆ ಅಂತ ಮಾಡಿದ್ದು. ಇವರೆಲ್ಲ ಕೇಳಿದ್ರು, ನನಗೆ ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ತಪ್ಪು ನಂದು. ಈಗ ತಳದಲ್ಲಿ ನಿಂಬೆ ಬೀಜ ಬಿಟ್ರೆ ನಿಮಗೆ ಕೊಡಕ್ಕೆ ಏನೂ ಉಳಿದಿಲ್ಲ.”

ಸಾಲಿನಲ್ಲಿ ಗುಜುಗುಜು ಎದ್ದಿತು. “ಹಾಗಾದ್ರೆ ನಾವು ಕುಡಿದದ್ದು ಏನು?” ಎಂದ ಮುದುಕ. ತಪಾಸಣೆಯವರು ಚೀಟಿ ಪುಸ್ತಕ ಬಿಡಿಸಿ ಪೆನ್ನು ಹುಡುಕಿದರು.

“ಪುಸ್ತಕ ಮುಚ್ಚಿ” ಎಂದರು ಅಕ್ದಸ್ ಖಾನಂ. ಅವರು ಮುಚ್ಚಿದರು. “ನನ್ನ ಮಗ ಎಲ್ಲಿ? ನನಗಿಂತ ಮುಂಚೆ ಹೊರಟಿದ್ದ.”

ಬಾಗಿಲೊಳಗಿನಿಂದ ದನಿ ಬರುತ್ತಿತ್ತು.

“ಹೋಗಬೇಡಿ. ನೀವು ಈಗ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ನಾನು ಮತ್ತೆ ಸಾಲಲ್ಲಿ ನಿಲ್ಲಬೇಕಾಗುತ್ತೆ, ಈಗ ಶರಬತ್ತೂ ಇಲ್ಲ. ಅವರ ಮಾತು ಬಿಡಿ. ನನ್ನ ಬಗ್ಗೆ ನಮ್ಮ ಬೀದಿಯವರು ಏನೇನು ಹೇಳ್ತಾರೆ ಅಂತ ಕೇಳಿದ್ರೆ ನೀವು ನಗ್ತೀರಿ. ಮೂಗ ಅಂತ ಹೇಳ್ತಾರೆ. ನಿಜವಾಗ್ಲೂ. ಮೂಗರ ಸಂಘದಿಂದ ಒಬ್ಬರು ಬಂದು ಮಾತಾಡಿಸ್ಕೊಂಡು ಹೋಗಿದ್ರು.”

ತರಾನೆಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಭಾವನ ಕೈಯಿಂದ ಸೌಟು ಬಿತ್ತು. ತಾನು ‘ಇಲ್ಲ’ ಎಂದದ್ದು ಯಾರಿಗೆ ಎಂದು ಅವರಿಗೆ ಆಗ ಗೊತ್ತಾಯಿತು.

ಅಕ್ದಸ್ ಖಾನಂ ಮಗನನ್ನು ನೋಡುತ್ತ ನಿಂತರು. ಆತ ಒದ್ದೆ ತೋಳಿನಲ್ಲಿ, ಲೋಟ ಕೈಯಲ್ಲಿ, ಮಾತಾಡುತ್ತಲೇ ಇದ್ದ. ಚಾದರದ ಅಂಚಿನಿಂದ ಮೂಗು ಒರೆಸಿಕೊಂಡು, ಸಾಲಿನ ಕಡೆ ತಿರುಗಿದರು.

“ಹರಕೆ ಇಲ್ಲ ಅಂತ ಯಾರು ಹೇಳಿದ್ದು? ಹರಕೆ ನಂದು. ನನ್ನ ಮಗ ಒಬ್ಬ ಹೆಣ್ಣಿನ ಹತ್ರ, ನಾನು ಹೇಳಿಕೊಡದೆ, ಒಂದು ಮಾತು ಪೂರ್ತಿ ಮಾಡಿದ್ರೆ ಬೀದಿಗೆಲ್ಲ ಶರಬತ್ತು ಕೊಡ್ತೀನಿ ಅಂತ ಎಷ್ಟೋ ವರ್ಷದ ಹಿಂದೆ ಹೊತ್ತಿದ್ದೆ. ಈ ಮಹಾನುಭಾವರು ನನಗಿಂತ ಮುಂಚೆ ಸಲ್ಲಿಸಿದ್ದಾರೆ. ಕುಡಿದೋರೆಲ್ಲ ಸಮಾಧಾನವಾಗಿ ಮನೆಗೆ ಹೋಗಿ.” ಆಮೇಲೆ ಬತೂಲ್ ಖಾನಂ ಕಡೆ ನೋಡಿ, “ನೀವು ಹೂಜಿ ಇಟ್ಟು ಹೋಗಿ. ಒಳಗೆ ಕೊಡಕ್ಕೆ ಬೇಕು” ಎಂದರು. ಬತೂಲ್ ಖಾನಂ ಬಾಯಿ ಬಿಡದೆ ಹೂಜಿ ಇಟ್ಟರು.

ಯಾರೂ ಮನೆಗೆ ಹೋಗಲಿಲ್ಲ ಎಂಬುದು ಬೇರೆ ಮಾತು. ಅಕ್ದಸ್ ಖಾನಂ ಒಳಗೆ ಕಾಲಿಟ್ಟರು, ಅಕ್ಕ ಒದ್ದೆ ಜಮಖಾನವನ್ನು ಕಾಲಲ್ಲಿ ಸರಿಸುತ್ತ ‘ಬನ್ನಿ ಬನ್ನಿ’ ಎಂದಳು. ಭಾವ ತರಾನೆಯ ಎದುರು ಬಂದು ನಿಂತರು.

“ಬೀದಿಗೆಲ್ಲ ಗೊತ್ತಾಗೋಯ್ತಮ್ಮ” ಎಂದರು. “ನೀನು ಬಾಗಿಲು ಹಾಕ್ಕೊಳ್ಳೋದಾದ್ರೆ ಹಾಕ್ಕೋ. ನಾನೇನೂ ಅನ್ನಲ್ಲ.”

“ಬೀದಿ ಬಾಗಿಲಲ್ಲೇ ನಿಂತಿದ್ದೀನಲ್ಲ ಅಪ್ಪಾ, ಇನ್ಯಾವ ಬಾಗಿಲು ಹಾಕ್ಕೊಳ್ಳಲಿ?” ಎಂದಳು ತರಾನೆ. ಫರ್ಷಾದ್ ಕಡೆ ತಿರುಗಿ, “ಅಷ್ಟು ಸಲ ಬಂದ್ರಿ. ಬಾಗಿಲು ತಟ್ಟಿದ್ರೆ ಆಗ್ತಿರ್ಲಿಲ್ವಾ?” ಎಂದಳು.

“ಈಗ ತಟ್ಟಲಾ?”

ಅವಳು ಅಪ್ಪನನ್ನು ಕರೆದುಕೊಂಡು ಒಳಗೆ ನಡೆದಳು. ಫರ್ಷಾದ್ ಕಾರಿನವರೆಗೆ ಓಡಿಹೋಗಿ ಹೂವು ತಂದ. ಕೋಟು ತೊಟ್ಟುಕೊಂಡ, ಗುಂಡಿ ತಪ್ಪಾಗಿ ಹಾಕಿಕೊಂಡ. ಇಡೀ ಬೀದಿ ಉಸಿರು ಹಿಡಿದು ನೋಡುತ್ತಿರಲು, ಹಾರು ಹೊಡೆದು ತೆರೆದಿದ್ದ ಬಾಗಿಲನ್ನು ಜೋರಾಗಿ ತಟ್ಟಿದ.

“ಯಾರದು?” ಎಂದರು ಭಾವ ಒಳಗಿನಿಂದ.